ಆಗಾಗ ಕೈಕೊಡುವ ವೇಪ್

ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿದ್ದಾಗ, ಐರಿಶ್ ಬಡಾವಣೆ ಸ್ಯಾಂಟ್ರಿಯ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದ ಮೈಸೂರಿನ ಎಂಜಿನಿಯರ್ ನನ್ನ ವೇಪ್ ಎಂಬ ಇ-ಸಿಗರೇಟನ್ನು ರಿಪೇರಿ ಮಾಡಿಕೊಟ್ಟರು. ಗುಂಡಿ ಒತ್ತಿದರೆ ಅದರಲ್ಲಿ ಒಮ್ಮೆ ಹೊಗೆ ಬರುತ್ತಿತ್ತು, ಒಮ್ಮೆ ಇಲ್ಲ. ನಾನು ಕಾರಿಡಾರಿನಲ್ಲಿ ನಿಂತಿದ್ದೆ. ಅವರು ಬಾಗಿಲೊಳಗೆ ಸ್ಟೂಲಿನ ಮೇಲಿದ್ದರು. ದ್ರವ ತುಂಬುವ ಟ್ಯಾಂಕ್ ಬಿಚ್ಚಿ, ಬ್ಯಾಟರಿಗೆ ತಾಗುವ ಪಿನ್ನಿನ ಮೇಲಿನ ಅಂಟನ್ನು ಹತ್ತಿಯಿಂದ ಒರೆಸಿದರು. ಒತ್ತಿದರು, ಹೊಗೆ ಬಂತು. ಮತ್ತೆ ಒತ್ತಿದರು, ಮತ್ತೆ ಬಂತು.

“ಗ್ರ್ಯಾಂಡ್ ಆಯ್ತಲ್ಲ ಸರ್!” ಎಂದು, ಸರಿಹೋಯಿತು ಎನ್ನಲು ಇಲ್ಲಿನವರು ಆಡುವ ಮಾತಿನಲ್ಲೇ ಹೇಳಿ ಕೈ ಚಾಚಿದೆ.

“ತಾಳಪ್ಪಾ, ಇಂಥದನ್ನ ನಂಬಬಾರ್ದು.”

ನನ್ನ ಊರು, ಆಫೀಸು, ಅಡುಗೆ ಎಲ್ಲ ವಿಚಾರಿಸಿದರು. “ತಾಳಪ್ಪಾ” ಎನ್ನುತ್ತ ನಡುನಡುವೆ ಒತ್ತುತ್ತಲೇ ಇದ್ದರು. ಅದು ಒಮ್ಮೆಯೂ ತಪ್ಪಲಿಲ್ಲ.

ನಾನು ಹೊರಟಾಗ ವೇಪನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು.

“ಇವತ್ತು ಇಲ್ಲೇ ಇರ್ಲಿ. ನಾಳೆ ನೀನೇ ಬಂದು ತಗೊಂಡ್ಹೋಗು.”