ಬೋರ್ಡಿನ ಮೇಲಿನ ಹೆಸರು

ಆಗೆಲ್ಲ ನಾವು ಬಹ್ರೇನಿನ ಗುದೈಬಿಯಾದ ಹಳೆಯ ಫ್ಲ್ಯಾಟಿನಲ್ಲಿದ್ದೆವು. ಪಪ್ಪ ಕಾರ್ ಶೋರೂಮಿನಲ್ಲಿ ಸೇಲ್ಸ್‌ಮನ್. ನನ್ನನ್ನು ಈಸಾ ಟೌನಿನ ಶಾಲೆಗೆ ಬಿಡುವುದೂ ಅವರೇ. ಕಾದ ರೆಕ್ಸಿನ್ ಸೀಟಿನ ವಾಸನೆ, ಮಡಿಲಲ್ಲಿ ನೀರ್‌ದೋಸೆಯ ಬಿಸಿ ಡಬ್ಬಿ, ಜೊತೆಗೆ ನಮ್ಮದೇ ಒಂದು ಆಟ. ಸಿಗ್ನಲ್‌ನಲ್ಲಿ ಪಕ್ಕ ನಿಂತ ಕಾರಿನ ಹೆಸರನ್ನು ನಾನು ಓದಬೇಕು, ಅದರ ಕಥೆಯನ್ನು ಪಪ್ಪ ಹೇಳಬೇಕು.

ಮೊದಮೊದಲು ಕಾರು ಮಾಡಿದವರು ಹೆಸರಿಗಾಗಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವಂತೆ. ಒಬ್ಬ ಎ, ಬಿ, ಸಿ ಎಂದು ಅಕ್ಷರಗಳನ್ನೇ ಇಟ್ಟುಕೊಂಡು ಹೋದ. ಕೆಲವರಿಗೆ ಎಂಜಿನ್ನಿನ ಶಕ್ತಿಯ ಅಂಕಿಯೇ ಹೆಸರು. ನನಗೆ ಇಷ್ಟವಾದದ್ದು ಒಬ್ಬ ವ್ಯಾಪಾರಿಯ ಕಥೆ. ತಾನು ಮಾರುವ ಕಾರಿಗೆ ಮಗಳ ಹೆಸರೇ ಬೇಕೆಂದು ಅವನು ಕಂಪನಿಯವರಲ್ಲಿ ಹಠ ಹಿಡಿದನಂತೆ.

"ಅವಳಿಗೆ ಎಷ್ಟು ಪ್ರಾಯ ಪಪ್ಪಾ?"

"ನಿನ್ನಷ್ಟೇ ಮಾರಾಯ್ತಿ."

"ಡ್ರೈವಿಂಗ್ ಬರ್ತಿತ್ತಾ?"

"ಎಂತ ಡ್ರೈವಿಂಗ್? ಮಗಳು ಅಲ್ವಾ, ಅಷ್ಟು ಸಾಕಿತ್ತು."

ಆ ಬೇಸಿಗೆ ರಜೆಯಲ್ಲಿ ಪಪ್ಪ ಕೆಲಸ ಬಿಟ್ಟು, ಎರಡು ಹಳೆಯ ಕಾರು ಕೊಂಡು ಬಾಡಿಗೆಗೆ ಕೊಡುವ ಅಂಗಡಿ ತೆರೆದರು. ಸಾಬೂನು ನೀರಿನಲ್ಲಿ ಕಾರುಗಳನ್ನು ಉಜ್ಜಿದವಳು ನಾನು. ಅಂಗಡಿಗೆ ನನ್ನ ಹೆಸರೇ, 'ಶರ್ಮಿಳಾ ರೆಂಟ್ ಎ ಕಾರ್' ಎಂದು ಗೆಳತಿಯರಿಗೆಲ್ಲ ಹೇಳಿಯೂ ಆಗಿತ್ತು.

ಶುಕ್ರವಾರ ಬೋರ್ಡು ಬಂತು. 'ನಿಶಾಂತ್ ರೆಂಟ್ ಎ ಕಾರ್.' ನಿಶಾಂತ್ ನನ್ನ ತಮ್ಮ. ಅಮ್ಮನ ಸೊಂಟದ ಮೇಲೆ ಕೂತು ಬಿಸ್ಕತ್ತು ಚೀಪುತ್ತಿದ್ದ.

"ನನ್ನ ಹೆಸರು?"

"ನಿನ್ನದು ಹೇಗೆ ಇಡೋದು ಮಗಾ? ನಾಳೆ ಮದುವೆಯಾಗಿ ಬೇರೆ ಮನೆಗೆ ಹೋಗ್ತಿ. ಅಂಗಡಿ ಇವನಿಗಲ್ವಾ?" ಪಪ್ಪ ಪ್ರೀತಿಯಿಂದಲೇ ಹೇಳಿದರು. ಅಮ್ಮ ಕೊಟ್ಟ ಮೈಸೂರ್‌ಪಾಕನ್ನು ನಾನು ತಮ್ಮನ ಕೈಗಿಟ್ಟೆ.

ಶಾಲೆ ಶುರುವಾದ ಮೇಲೆ ಸಿಗ್ನಲ್‌ನಲ್ಲಿ ಪಪ್ಪ ಕೇಳಿದರು, "ಪಕ್ಕದ್ದು ಎಂತ ಹೆಸರು, ಓದು."

"ಬಿಸಿಲು. ಕಾಣೋದಿಲ್ಲ."

ಕೆಲವು ದಿನ ಕೇಳಿ ಬಿಟ್ಟುಬಿಟ್ಟರು. "ಮಗಳು ದೊಡ್ಡವಳಾದಳು" ಎಂದು ಅಮ್ಮನಿಗೆ ಹೆಮ್ಮೆಯಿಂದ ಹೇಳಿದ್ದು ನನಗೆ ಕೇಳಿಸಿತು.

ದೊಡ್ಡವನಾದ ಮೇಲೆ ನಿಶಾಂತನಿಗೆ ಕಾರಿನ ವ್ಯವಹಾರ ಹಿಡಿಸಲಿಲ್ಲ. ಜುಫೈರಿನ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದಾನೆ. ಮದುವೆಯಾಗಿ ಬೇರೆ ಮನೆಗೆ ಹೋದ ನಾನೇ ದಿನಾ ಬಂದು ಅಂಗಡಿಯ ಬೀಗ ತೆಗೆಯುತ್ತೇನೆ. ಫೋನಿನಲ್ಲಿ ಗಿರಾಕಿಗಳು 'ನಿಶಾಂತ್ ಮೇಡಂ' ಎನ್ನುತ್ತಾರೆ. ತಿದ್ದುವುದಿಲ್ಲ.

ಮೊನ್ನೆ ಪಪ್ಪ ಅಂದರು, "ಬೋರ್ಡು ಬದಲಿಸುವ. ನಿನ್ನ ಹೆಸರು ಹಾಕುವ."

"ಬೇಡ ಪಪ್ಪಾ. ಗಿರಾಕಿಗಳಿಗೆ ಗೊತ್ತಾಗೋದಿಲ್ಲ."

ಅಂದು ಹಾಕಿದ್ದರೆ ಗುದೈಬಿಯಾದ ಗಲ್ಲಿಗಲ್ಲಿಗೂ ಓಡಿ, ಸಿಕ್ಕವರನ್ನೆಲ್ಲ ಕೈಹಿಡಿದು ಎಳೆತಂದು ತೋರಿಸುತ್ತಿದ್ದೆ. ಈಗ ಯಾರಿಗೆ ತೋರಿಸಲಿ?