ನನಗೂ 9.4 ಬಂತು

ಮುಳಬಾಗಿಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ನಡೆಸಿ, ಹೊಂಗೆಯ ನೆರಳಿನಲ್ಲಿ ಬಸ್ಸಿಗಾಗಿ ಕಾಯುತ್ತಿದ್ದೆ. ಕಣ್ಣು ಮುಚ್ಚಿದರೆ, ಭೂಮಿಯ ಸೆಳೆತವನ್ನು ಅಳೆಯುವ ಲೋಲಕ ಇನ್ನೂ ಮೆಲ್ಲಗೆ ತೂಗುತ್ತಿತ್ತು. ಬೆನ್ನ ಹಿಂದೆ ಇಬ್ಬರು ವಿದ್ಯಾರ್ಥಿನಿಯರ ಮಾತು ಕೇಳಿಸಿತು.

“ಜಿ ವ್ಯಾಲ್ಯೂ ನಂಗೆ 9.4 ಬಂತು ಕಣೇ. ಫೇಲಾಗ್ತೀನಾ?”

“ಅಯ್ಯೋ ಪೆದ್ದಿ! ಪುಸ್ತಕದಲ್ಲಿ 9.8 ಅಂತಿಲ್ವಾ? ನಾನು ಅದನ್ನಿಟ್ಕೊಂಡೇ ಸೆಕೆಂಡ್ ಎಲ್ಲಾ ಉಲ್ಟಾ ಲೆಕ್ಕ ಹಾಕಿ ಬರ್ಕೊಂಡೆ.”

ಮೊದಲನೆಯವಳು ಅಳತೊಡಗಿದಳು. ಆ ಕಾಲೇಜಿನ ಲ್ಯಾಬಿನಲ್ಲಿದ್ದ ಒಂದೇ ಸ್ಟಾಪ್‌ವಾಚು ತುಸು ವೇಗವಾಗಿ ಓಡುತ್ತದೆ. ಬೆಳಿಗ್ಗೆ ನಾನೇ ಅಳೆದಾಗಲೂ 9.4 ಬಂದಿತ್ತು. ಆದರೆ ಪರೀಕ್ಷಕರು ಅಂಕ ತಿಳಿಸುವುದು ನಿಯಮಕ್ಕೆ ವಿರುದ್ಧ.

“ಅಳಬೇಡ. ನನಗೂ ಅಷ್ಟೇ ಬಂತು,” ಎಂದು ಹೇಳಿ ಬಸ್ಸು ಹತ್ತಿದೆ.

ಕಾನ್ವೆಂಟಿನಲ್ಲಿ ಓದುವಾಗ ನನಗೆ ಕರಾರುವಾಕ್ಕಾಗಿ 9.8 ಬಂದಿತ್ತು, ಸಿಸ್ಟರ್ ಬಹಳ ಮೆಚ್ಚಿದ್ದರು. ಲೋಲಕವನ್ನು ತೂಗಿಬಿಟ್ಟ ನೆನಪು ಮಾತ್ರ ನನಗಿಲ್ಲ.