ಸೋಮವಾರ ಸೂಟಿ ಇದ್ದ ಕಾರು

ಆ ದಿನ ಕಾಕಾನ ಕಾರು ಹೊತ್ತಿಗೆ ಸರಿಯಾಗಿ ಹುಕ್ಕೇರಿ ಮುಟ್ಟಿತೋ ಇಲ್ಲವೋ, ಈಗ ನಾನು ಖಚಿತವಾಗಿ ಹೇಳಲಾರೆ. ಮುಟ್ಟಿತು ಎಂದೇ ನಲವತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಕಾರಿನಲ್ಲಿ ಕುಳಿತಿದ್ದ ಮೂವರಲ್ಲಿ ನಾನೂ ಒಬ್ಬ. ಇನ್ನೊಬ್ಬಳು ಕಾಕಾನ ಮಗಳು, ನನಗೆ ತಂಗಿ. ಅವಳ ಪ್ರಕಾರ ಕಾರು ಹೊತ್ತಿಗೆ ಮುಟ್ಟಲೇ ಇಲ್ಲ. ಮೂರನೆಯವರು ಕಾಕಾ. ಅವರು ಬದುಕಿದ್ದಾಗ ಕೇಳಿದರೆ, "ಮುಟ್ಟಲಾರದ ಎಲ್ಲಿ ಹೊಕ್ಕೈತಿ?" ಎಂದು ನಗುತ್ತಿದ್ದರು. ಆ ಉತ್ತರ ಯಾವ ಪಕ್ಷಕ್ಕೂ ಸಾಕ್ಷಿಯಾಗುವುದಿಲ್ಲ.

ಕಾಕಾನ ಹೊಲ ಮೂಡಲಗಿಯ ಕಡೆ, ಮಸಗುಪ್ಪಿಯ ಹತ್ತಿರ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಧುಪದಾಳದಲ್ಲಿ ಕಾಲುವೆ ನೋಡಿಕೊಳ್ಳುತ್ತಿದ್ದ ಒಬ್ಬ ಸಾಹೇಬ ತನ್ನ ದೇಶಕ್ಕೆ ಹೊರಟಾಗ, ಅವನ ಸಣ್ಣ ಕಾರನ್ನು ಕಾಕಾ ಕೊಂಡರು. ಅದು ಆಗಲೇ ಹಳೆಯದು. ಎರಡೇ ಬಾಗಿಲು. ಮುಂದೆ ಇಬ್ಬರು, ಹಿಂದೆ ತೆಳ್ಳಗಿದ್ದರೆ ಇಬ್ಬರು. ಕಾಕಾನಿಗೆ ಯಂತ್ರ ಗೊತ್ತಿರಲಿಲ್ಲ, ಎತ್ತು ಗೊತ್ತಿತ್ತು. ಹಾಗಾಗಿ ಎತ್ತಿಗೆ ಇದ್ದ ನಿಯಮಗಳನ್ನೆಲ್ಲ ಕಾರಿಗೂ ಹಚ್ಚಿದರು. ನಮ್ಮ ಕಡೆ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಕಾರೂ ಸೋಮವಾರ ಅಂಗಳ ಬಿಟ್ಟು ಕದಲುತ್ತಿರಲಿಲ್ಲ. ಅಮಾವಾಸ್ಯೆಗೂ ಅಷ್ಟೆ. ಏರು ಹತ್ತಿದ ಮೇಲೆ ಎತ್ತನ್ನು ನಿಲ್ಲಿಸುವಂತೆ ಕಾರನ್ನು ನಿಲ್ಲಿಸಿ, ಬಾನೆಟ್ಟು ಎತ್ತಿ, ತಾವು ದೂರ ಹೋಗಿ ಕೂರುತ್ತಿದ್ದರು. ಐದನೆಯ ಮನುಷ್ಯನನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ.

ಉಳಿದ ಆರು ದಿನ ಅದು ಬಾಡಿಗೆಗೆ ಓಡುತ್ತಿತ್ತು. ಮೂಡಲಗಿಯಿಂದ ಗೋಕಾಕಕ್ಕೆ, ಗೋಕಾಕದಿಂದ ಹುಕ್ಕೇರಿಗೆ. ಬಾಣಂತಿಯರು, ಬೀಗರು, ವಕೀಲರ ಹತ್ತಿರ ಹೋಗುವವರು, ದವಾಖಾನೆಗೆ ಹೋಗುವವರು. ರಸ್ತೆ ಎಂದರೆ ಎರ್‍ಯಾ ಮಣ್ಣು, ಗರಸು, ಹಳ್ಳ. ನಾನು ಧಾರವಾಡದಲ್ಲಿ ವಿಜ್ಞಾನ ಓದಿ ಪದವಿ ಪಡೆದು, ಕೆಲಸ ಸಿಗದೆ ಊರಿಗೆ ಮರಳಿದಾಗ ಆ ಕಾರು ಓಡಾಟ ಶುರು ಮಾಡಿ ಹತ್ತು ವರ್ಷದ ಮೇಲಾಗಿತ್ತು. ಅದರ ಮೈಲಿ ತೋರಿಸುವ ಮೀಟರು ಒಂಬತ್ತುಗಳ ಸಾಲು ಮುಗಿಸಿ ಮತ್ತೆ ಸೊನ್ನೆಗೆ ಬಂದಿದೆ ಎಂದು ಕಾಕಾ ಹೇಳುತ್ತಿದ್ದರು. ಅಂದರೆ ಲಕ್ಷ ಮೈಲಿ. ಆ ಸೊನ್ನೆಗಳು ತಿರುಗಿದ್ದನ್ನು ಗೋಕಾಕದ ಪೇಟೆಯಲ್ಲಿ ನಾನೇ ಕಣ್ಣಾರೆ ಕಂಡೆ ಎಂದು ಬಹಳ ದಿನ ನಂಬಿದ್ದೆ. ಲೆಕ್ಕ ಹಾಕಿದರೆ ಆ ಹೊತ್ತಿಗೆ ನಾನು ಧಾರವಾಡದಲ್ಲಿದ್ದಿರಬೇಕು. ಯಾರೋ ಹೇಳಿದ್ದನ್ನು ನನ್ನ ಕಣ್ಣಿಗೆ ವರ್ಗಾಯಿಸಿಕೊಂಡಿದ್ದೇನೆ.

ಲಕ್ಷ ಮೈಲಿ ಅಸಾಧ್ಯವೇನಲ್ಲ. ದಿನಕ್ಕೆ ಸುಮಾರು ಮೂವತ್ತು ಮೈಲಿ ಓಡಿದ್ದರೆ ಅಷ್ಟು ವರ್ಷಕ್ಕೆ ಅಷ್ಟಾಗುತ್ತದೆ. ಆದರೆ ಓಡಿದ್ದು ಯಾವ ಕಾರು ಎಂಬುದು ನನ್ನ ಪ್ರಶ್ನೆಯಾಗಿತ್ತು. ತುಕ್ಕು ತಿಂದ ತಳಕ್ಕೆ ಊರ ಬಡಿಗ ಜಾಲಿಯ ಹಲಗೆ ಕೂರಿಸಿದ್ದ. ಮುರಿದ ಸ್ಪ್ರಿಂಗ್ ಪಟ್ಟಿಯನ್ನು ಕಂಬಾರ ಚಕ್ಕಡಿ ಗಾಡಿಯ ಕಬ್ಬಿಣದಿಂದ ಬಡಿದು ಕೊಟ್ಟಿದ್ದ. ಸೀಟಿನೊಳಗೆ ಹತ್ತಿ. ಸಾಹೇಬ ಮರಳಿ ಬಂದಿದ್ದರೆ ಗುರುತು ಹಿಡಿಯುತ್ತಿದ್ದನೋ ಇಲ್ಲವೋ. ಇನ್ನೊಂದು ಮಾತೂ ಇದೆ. ಅದೇ ಕಾಲದಲ್ಲಿ ಗೋಕಾಕದಲ್ಲಿ ಇನ್ನೂ ಕೆಲವು ಸಣ್ಣ ಕಾರುಗಳಿದ್ದವು. ಅವು ಎಲ್ಲಿ ಕೆಟ್ಟು ನಿಂತವು ಎಂದು ಯಾರೂ ಕತೆ ಹೇಳುವುದಿಲ್ಲ. ಉಳಿದ ಒಂದರ ಕತೆಯನ್ನಷ್ಟೇ ಹೇಳಿ, ಹಳೆಯ ಕಾರುಗಳು ಗಟ್ಟಿ ಎನ್ನುತ್ತೇವೆ.

ಕಾಕಾನ ಎತ್ತಿನ ಶಾಸ್ತ್ರ ಎಲ್ಲ ಕಡೆ ಸರಿಹೋಗಿತ್ತು ಎಂದೂ ಅಲ್ಲ. ದನಕ್ಕೆ ಔಷಧ ಕುಡಿಸುವ ಬಿದಿರಿನ ಗೊಟ್ಟದಿಂದಲೇ ಅವರು ಇಂಜಿನ್ನಿಗೆ ಆಯಿಲ್ ಹಾಕುತ್ತಿದ್ದರು. ಅದಕ್ಕೆ ನನ್ನ ತಕರಾರಿಲ್ಲ, ಗೊಟ್ಟ ಒಳ್ಳೆಯ ಸಾಧನವೇ. ಆದರೆ ಒಂದು ವರ್ಷ ಹಬ್ಬದ ದಿನ ಎತ್ತುಗಳಿಗೆ ಕುಸುಬಿ ಎಣ್ಣೆ ಕುಡಿಸಿ, ಗೊಟ್ಟದಲ್ಲಿ ಉಳಿದದ್ದನ್ನು ಕಾರಿಗೂ ಕುಡಿಸಿದರು. ಎರಡು ದಿನಕ್ಕೆ ಕಾರು ಕೆಮ್ಮಿ ನಿಂತಿತು. ಗೋಕಾಕದ ಮಿಸ್ತ್ರಿ ಇಂಜಿನ್ನು ಬಿಚ್ಚಿ ಮೂಗು ಅರಳಿಸಿದ.

"ಸಾವ್ಕಾರ್ರ, ಇದರಾಗ ಭಜಿ ಕರದೀರೇನ್ರಿ? ವಾಸನಿಗೆ ನನಗ ಹಸಿವಿ ಆಗಾಕತ್ತೈತಿ."

"ಎತ್ತಿಗೆ ಹಾಕಿದ್ದ ಹಾಕೀನಿ," ಎಂದರು ಕಾಕಾ. "ಅರಗಿಸ್ಕೋಬೇಕಿತ್ತು ಅದು."

"ಎತ್ತಿಗೆ ಹೊಟ್ಟಿ ನಾಕ ಅದಾವ್ರಿ. ಇದಕ್ಕ ಹೊಟ್ಟೀನ ಇಲ್ಲ."

ಅಂದಿನಿಂದ ಕುಸುಬಿ ಎಣ್ಣೆ ನಿಂತಿತು. ಸೋಮವಾರದ ಸೂಟಿ ನಿಲ್ಲಲಿಲ್ಲ. ಆ ದಿನ ಕಾಕಾ ಕಾರನ್ನು ತೊಳೆದು, ಒಂದೊಂದೇ ನಟ್ಟು ಮುಟ್ಟಿ ಸಡಿಲಾಗಿದೆಯೇ ನೋಡಿ, ಟೈರಿನಲ್ಲಿ ನಟ್ಟ ಜಾಲಿಮುಳ್ಳು ಕೀಳುತ್ತಿದ್ದರು. ಕಾರು ಉಳಿದದ್ದು ಇದರಿಂದ, ಸೂಟಿಯಿಂದಲ್ಲ ಎಂದು ನಾನು ವಾದಿಸುತ್ತಿದ್ದೆ.

"ಕಾಕಾ, ಕಬ್ಬಿಣಕ್ಕೂ ದಣಿವು ಐತಿ, ಖರೆ. ಆದ್ರ ಒಂದಿನ ನಿಂದ್ರಿಸಿದ್ರ ಅದು ಹೋಗಂಗಿಲ್ರಿ."

"ನಿನಗ ಹೋಗತೈತೇನು?"

"ನಾ ಮನಶ್ಯಾರಿ."

"ನಿನಗ ಏಳೂ ದಿನ ಸೂಟಿ. ಆದ್ರೂ ದಣದಂಗ ಕಾಣತಿ."

ಇಷ್ಟು ಹಿನ್ನೆಲೆ. ಈಗ ಆ ದಿನದ ವಿಷಯ.

ತಂಗಿ ಶಾಲೆ ಮುಗಿಸಿದ್ದಳು. ಮಾಸ್ತರಿಕೆಯ ಟ್ರೇನಿಂಗ್ ಸೇರಬೇಕೆಂಬುದು ಅವಳ ಆಸೆ. ಅದಕ್ಕೆ ಆರಿಸುವ ಸಂದರ್ಶನ ಹುಕ್ಕೇರಿಯಲ್ಲಿತ್ತು, ಬೆಳಿಗ್ಗೆ. ಹೋದ ವರ್ಷ ಜ್ವರ ಬಂದು ತಪ್ಪಿಸಿಕೊಂಡಿದ್ದಳು. ಈ ಸಲವೂ ತಪ್ಪಿದರೆ ಮುಂದಿನ ಮಾತು ಮದುವೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ನೋಡಲು ಬರುವವರಿಗೆ ಹೇಳಿಯೂ ಆಗಿತ್ತು. ಹಿಂದಿನ ದಿನ ಕಾರಹುಣ್ಣಿಮೆ. ಎತ್ತುಗಳ ಕೋಡಿಗೆ ಕೆಂಪು ಹುರಮಂಜು ಹಚ್ಚಿ, ಮಿಕ್ಕಿದ್ದನ್ನು ಕಾಕಾ ಕಾರಿನ ಎರಡೂ ದೀಪಗಳ ಸುತ್ತ ಹಚ್ಚಿದ್ದರು. ಸಂಜೆ ಊರೆಲ್ಲ ಎತ್ತು ಓಡಿಸಿ ಕರಿ, ಅಂದರೆ ದಾರಿಗೆ ಅಡ್ಡ ಕಟ್ಟಿದ ತೋರಣ, ಹರಿಯುವುದನ್ನು ನೋಡಲು ಹೋದರೆ, ತಂಗಿ ಓದುತ್ತಾ ಮನೆಯಲ್ಲೇ ಉಳಿದಳು. ಇಷ್ಟರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಮರುದಿನ ಅವಳನ್ನು ಕರೆದೊಯ್ಯಬೇಕಾಗಿದ್ದ ಸರ್ವಿಸ್ ಮೋಟಾರು, ಅಂದರೆ ಆಗಿನ ಬಸ್ಸು, ಬರಲಿಲ್ಲ. ನಾನು ರಸ್ತೆಯಿಂದ ಓಡಿ ಬಂದು ಹೇಳಿದೆ. ನನ್ನ ನೆನಪಿನಲ್ಲಿ ಅದು ಸೋಮವಾರ. ಕಾಕಾ ಅಂಗಳದಲ್ಲಿ, ದೀಪದ ಸುತ್ತಲ ಹುರಮಂಜು ಬಿಟ್ಟು, ಕಾರು ತೊಳೆಯುತ್ತಿದ್ದರು. ಸುದ್ದಿ ಕೇಳಿ ಚಿಂದಿಯನ್ನು ಹಿಂಡಿ, ಮತ್ತೆ ಒರೆಸತೊಡಗಿದರು. ಕಾಕಾನ ಹೆಂಡತಿ ಚಿಗವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಏನ್ರಿ, ಕೇಳಿಸ್ತಿಲ್ಲೋ?"

"ಕೇಳಿಸ್ತು."

"ಮತ್ತ?"

"ಇವತ್ತ ಸೋಮಾರ."

"ಸೋಮಾರ ಎತ್ತಿನ ಮ್ಯಾಲೆ ಹೇರ ಹೇರಬಾರ್ದು, ಅದು ನನಗೂ ಗೊತ್ತೈತಿ. ಮಗಳ ಏನ ಹೇರ ಅದಾಳೇನ್ರಿ?"

ಕಾಕಾ ಚಿಂದಿ ಕೆಳಗಿಟ್ಟರು. ಬಕೆಟ್ಟಿನಲ್ಲಿ ಉಳಿದ ನೀರನ್ನು ತೆಂಗಿನ ಬುಡಕ್ಕೆ ಸುರಿದು, ಒಳಗೆ ಹೋಗಿ ರುಮಾಲು ಸುತ್ತಿಕೊಂಡು ಬಂದರು. "ಹತ್ರಿ," ಎಂದರು. ಹತ್ತುವ ಮುಂಚೆ ಕಾರಿನ ಮೂತಿಯ ಮೇಲೆ ಒಂದು ಸಲ ಕೈಯಾಡಿಸಿದರು ಎಂದು ನೆನಪು. ಈ ಕೈಯಾಡಿಸಿದ್ದನ್ನು ನಾನು ಆಮೇಲೆ ಸೇರಿಸಿರಬಹುದು.

ಧುಪದಾಳ ಹಿಂದೆ ಬೀಳುವ ತನಕ ತೊಂದರೆಯಾಗಲಿಲ್ಲ. ಹುಕ್ಕೇರಿಯ ದಾರಿಯಲ್ಲಿ ಒಂದು ಉದ್ದನೆಯ ಏರು ಬರುತ್ತದೆ. ಅದರ ನಡುವೆ ಮುಂದಿನಿಂದ ಆವಿ ಎದ್ದಿತು. ಕಾಕಾ ಕಾರನ್ನು ಬದಿಗೆ ತಂದು ನಿಲ್ಲಿಸಿ, ಬಾನೆಟ್ಟು ಎತ್ತಿದರು. ಮಣ್ಣಿನ ತತ್ರಾಣಿಯೊಂದರ ತುಂಬ ನೀರು ನಮ್ಮ ಬಳಿ ಇತ್ತು. ತಂಗಿ ಅದನ್ನು ಎತ್ತಿಕೊಂಡು ಇಳಿದಳು.

"ಅಪ್ಪಾ, ಹಾಕು ನೀರ."

"ತಡೀಬೇಕವ್ವಾ. ದಮ್ಮು ಹತ್ತಿದ ಎತ್ತಿಗೆ ಒಮ್ಮಿಕಲೆ ನೀರ ಕುಡಿಸಬಾರ್ದು."

ಅವಳು ನನ್ನ ಕಡೆ ತಿರುಗಿದಳು. "ಅಣ್ಣಾ, ನೀ ಕಲತಾಂವ ಅದೀ. ನೀನರ ಹೇಳು."

ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಇಂಜಿನ್ನು ಸೀಳುತ್ತದೆ ಎಂದು ನಾನು ಹೇಳಬೇಕಾಯಿತು. ಕಾಕಾನೂ ನಾನೂ ಒಂದೇ ಮಾತಿಗೆ ಬಂದದ್ದು ಬಹುಶಃ ಅದೊಂದೇ ಸಲ, ಅದೂ ಬೇರೆ ಬೇರೆ ಕಾರಣಕ್ಕೆ.

"ಎತ್ತಂತ, ಕಬ್ಬಿಣಂತ," ಎಂದಳು ಅವಳು. "ಇಬ್ರೂ ಕೂಡೇ ನನ್ನ ಮದವಿ ಮಾಡಿ ಬಿಡ್ರಿ ಇಲ್ಲೇ." ತತ್ರಾಣಿಯನ್ನು ನೆಲಕ್ಕೆ ಇಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಏರು ಹತ್ತಿ ನಡೆದುಬಿಟ್ಟಳು. ಕಾಕಾ ಒಂದು ಕಲ್ಲಿನ ಮೇಲೆ ಕುಳಿತು, ಒಮ್ಮೆ ಕಾರನ್ನು, ಒಮ್ಮೆ ಸಣ್ಣದಾಗುತ್ತಿದ್ದ ಬಿಳಿ ಸೀರೆಯನ್ನು ನೋಡುತ್ತಿದ್ದರು.

ಇಲ್ಲಿಂದ ಮುಂದೆ ಎರಡು ಕತೆ.

ನನ್ನದು ಹೀಗೆ. ಕಾರು ತಣ್ಣಗಾಯಿತು, ನೀರು ಹಾಕಿದೆವು, ಹ್ಯಾಂಡಲಿನ ಮೊದಲ ತಿರುವಿಗೇ ಇಂಜಿನ್ನು ಹತ್ತಿತು. ಏರಿನ ಆಚೆ ಅವಳನ್ನು ಹಿಡಿದೆವು. ಅವಳು ಕಾರಿನ ಮುಂದಿನಿಂದ ಸುತ್ತಿ ಬಂದು ಹತ್ತುವಾಗ ದೀಪದ ಹುರಮಂಜು ಸೀರೆಯ ಅಂಚಿಗೆ ಹತ್ತಿತು. ಹೊತ್ತಿಗೆ ಸರಿಯಾಗಿ ಅವಳನ್ನು ಸಂದರ್ಶನದ ಬಾಗಿಲಿಗೆ ಇಳಿಸಿದೆವು.

ಅವಳದು ಹೀಗೆ. ದಾರಿಯಲ್ಲಿ ಕಾರು ಬರಲೇ ಇಲ್ಲ. ಏರು ದಾಟಿದ ಮೇಲೆ ಹಿಂದಿನಿಂದ ಹಂಚು ಹೇರಿಕೊಂಡ ಒಂದು ಚಕ್ಕಡಿ ಬಂತು. ಚಕ್ಕಡಿಯವನು ಹತ್ತಿಸಿಕೊಂಡ. ಸೀರೆಗೆ ಹತ್ತಿದ ಕೆಂಪು ಹಂಚಿನ ಪುಡಿಯದು. ಸಂದರ್ಶನ ಮುಗಿಸಿ ಹೊರಬಂದಾಗ ಕಾರು ಬಾಗಿಲಲ್ಲಿ ನಿಂತಿತ್ತು.

ಸೀರೆಯ ಮೇಲೆ ಕೆಂಪಿತ್ತು ಎನ್ನುವುದು ಎರಡೂ ಕತೆಯಲ್ಲಿದೆ. ಅವಳನ್ನು ಆರಿಸಿಕೊಂಡರು ಎನ್ನುವುದೂ ಇದೆ. ಅವಳು ಟ್ರೇನಿಂಗ್ ಮುಗಿಸಿ, ಗೋಕಾಕ ಮೂಡಲಗಿ ಕಡೆಯ ಶಾಲೆಗಳಲ್ಲಿ ಕಲಿಸಿ ನಿವೃತ್ತಳಾದಳು. ಕಾರು ಅದಾದ ಮೇಲೂ ಕೆಲವು ವರ್ಷ ಓಡಿ, ಬಿಡಿಭಾಗ ಸಿಗದೆ ನಿಂತಿತು.

ಅವಳು ನಿವೃತ್ತಳಾದ ಮೇಲೆ ಒಂದು ದಿನ ಇಬ್ಬರೂ ಕುಳಿತು ಈ ಜಗಳವನ್ನು ಮತ್ತೆ ತೆಗೆದೆವು. ನಾನು ನನ್ನ ದೊಡ್ಡ ಅಸ್ತ್ರ ಎಂದುಕೊಂಡದ್ದನ್ನು ಬಿಟ್ಟೆ. "ಅವತ್ತ ಸೋಮವಾರ. ಕಾರಹುಣ್ಣಿಮಿ ಮರುದಿನ ಬ್ಯಾರೆ. ನಮ್ಮ ಕಡೆ ಯಾಂವ ಚಕ್ಕಡಿ ಹೂಡ್ಯಾನು?"

"ಸೋಮವಾರ ಅಲ್ಲ ಅದು," ಎಂದಳು. "ಮಂಗಳವಾರ ಇರಬೇಕು."

"ಚಿಗವ್ವ ಅಂದದ್ದು ನಿನಗ ನೆನಪಿಲ್ಲ? ಮಗಳ ಏನ ಹೇರೇನಂತ?"

"ನಾ ಒಳಗ ಸೀರಿ ಉಟಗೊಳ್ಳಾಕತ್ತಿದ್ನಿ. ನಾ ಏನೂ ಕೇಳಿಲ್ಲ. ನೀನ ಕಟ್ಟಿರಬೇಕು, ನಿನ್ನ ಚಟಾನ ಅದು." ಆಮೇಲೆ ಹೇಳಿದಳು: "ಅಜ್ಜಿ ಕೈ ಮುರಕೊಂಡಾಗ ಅಪ್ಪ ಸೋಮವಾರಂತ ಗಾಡಿ ತಗೀಲಿಲ್ಲ. ಕಾಲಾಗ ಚಪ್ಲಿ ಹಾಕ್ಕೊಂಡು ವೈದ್ಯನ್ನ ಕರಿಯಾಕ ನಡೆದ ಹೋದ. ಅಂಥಾಂವ ನನ್ನ ಸಂದರ್ಶನಕ್ಕ ತಗೀತಿದ್ನೇನು? ಸೋಮವಾರ ಇದ್ದಿದ್ರ ನನ್ನ ಮದವಿನ ಆಕ್ಕಿತ್ತು."

ಇಷ್ಟು ವರ್ಷ ಅವಳು ಹಾಗೆಂದೇ ನಂಬಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ವಾರ ತನ್ನ ಪರವಾಗಿತ್ತು, ಅಪ್ಪ ಅಲ್ಲ ಎಂದು ಅವಳ ಲೆಕ್ಕ. ನಾನು ಕಾರು ಹೊತ್ತಿಗೆ ಮುಟ್ಟಿತೋ ಇಲ್ಲವೋ ಎಂದು ಜಗಳಾಡುತ್ತಿದ್ದರೆ, ಅವಳ ಜಗಳ ಕಾರು ಹೊರಟದ್ದರ ಬಗ್ಗೆ ಇತ್ತು.

ನನ್ನ ನೆನಪನ್ನು ನಾನೇ ನಂಬದಿರುವಾಗ ಅವಳಿಗೆ ನಂಬು ಎನ್ನುವುದು ಹೇಗೆ? ಆದರೆ ಅಂದು ಯಾವ ವಾರ ಎಂಬುದು ಹುಡುಕಿದರೆ ಸಿಗುವಂಥದ್ದು. ಅವಳು ಟ್ರೇನಿಂಗ್ ಸೇರಿದ ವರ್ಷ ಗೊತ್ತಿತ್ತು. ಸಂದರ್ಶನ ಕಾರಹುಣ್ಣಿಮೆಯ ಮರುದಿನ ಎಂದು ಇಬ್ಬರೂ ಒಪ್ಪಿದ್ದೆವು. ಗೋಕಾಕದಲ್ಲಿ ಹಳೆಯ ಪಂಚಾಂಗಗಳನ್ನು ಎಸೆಯದೆ ಇಟ್ಟುಕೊಂಡಿದ್ದ ಜೋಯಿಸರೊಬ್ಬರ ಮನೆಗೆ ಹೋಗಿ ಆ ವರ್ಷದ್ದನ್ನು ತೆಗೆಸಿ ನೋಡಿದೆ. ನಂಬಿಕೆ ಸಾಲದೆ ಮನೆಗೆ ಬಂದು ನಾನೇ ಹಿಂದಕ್ಕೆ ಎಣಿಸಿ ವಾರವನ್ನು ತಾಳೆ ನೋಡಿದೆ.

ಚಕ್ಕಡಿ ಇತ್ತೋ ಇಲ್ಲವೋ ಈಗಲೂ ತಿಳಿಯದು. ಹಂಚು ಸಾಗಿಸುವವನಿಗೆ ನಮ್ಮ ಸೋಮವಾರದ ಹಂಗಿಲ್ಲದಿರಬಹುದು. ಸೀರೆಯ ಕೆಂಪು ಯಾವುದರದೋ ಹೇಳಲಾರೆ. ಆ ವರ್ಷ ಕಾರಹುಣ್ಣಿಮೆ ಬಿದ್ದದ್ದು ಭಾನುವಾರ. ಮರುದಿನ ಸೋಮವಾರ.